ಸೌಂಡ್ ಕೇಳಿ ಹೇಳುವವರು

ಚಳ್ಳಕೆರೆಯಲ್ಲಿ ನಾನು ಮೇಷ್ಟರಾಗಿದ್ದ ಸರ್ಕಾರಿ ಶಾಲೆಯ ಎದುರು ಒಬ್ಬರು ಸ್ಕೂಟರ್ ಮೆಕ್ಯಾನಿಕ್ ಇದ್ದರು. ಗಾಡಿಗೆ ಏನಾಗಿದೆಯೆಂದು ಹೇಳಹೊರಟರೆ, "ಸ್ಟಾರ್ಟ್ ಮಾಡ್ರಿ, ಸೌಂಡ್ ಕೇಳಿ ಹೇಳ್ತೀನಿ" ಎಂದು ಕಣ್ಣು ಮುಚ್ಚಿ, ತಲೆ ವಾಲಿಸಿ ನಿಲ್ಲುತ್ತಿದ್ದರು.

ತಮ್ಮ ಮಗಳನ್ನು ಶಾಲೆಗೆ ಸೇರಿಸುವ ವರ್ಷ ಕಾನ್ವೆಂಟಿನ ಗೇಟಿನ ಬಳಿಯೂ ನನ್ನ ತರಗತಿಯ ಕಿಟಕಿಯ ಹೊರಗೂ ಹಾಗೆಯೇ ನಿಂತು ಕೇಳಿದರು. ಆಮೇಲೆ ಅವಳನ್ನು ನನ್ನ ಬಳಿಗೇ ಕರೆತಂದರು.

"ಅಲ್ಲಿ ಎಲ್ಲಾ ಮಕ್ಳದೂ ಒಂದೇ ಸೌಂಡ್ ಐತೆ ಸಾರ್. ನಿಮ್ಮತ್ರ ಒಂದು ಹುಡುಗಿ 'ಯಾಕೆ?' ಅಂತ ಕೇಳಿದ್ಲು, ನೀವು ಬೈಲಿಲ್ಲ. ನಮ್ ಬೇಟಿ ಇಲ್ಲೇ ಓದ್ಲಿ."

ಮುಂದಿನ ವಾರ ನನ್ನ ಸ್ಕೂಟರ್ ರಿಪೇರಿ ಮಾಡಿಕೊಡುತ್ತಾ, "ನಿಮ್ಮ ಮಗನೂ ನಿಮ್ಮತ್ರಾನೇ ಓದ್ತಾನಾ ಸಾರ್?" ಎಂದರು.

ನನ್ನ ಮಗ ಕಾನ್ವೆಂಟಿನ ವ್ಯಾನಿನಲ್ಲಿ ಹೋಗುತ್ತಿದ್ದ. ನಾನು ಕೇಳಿಸದವನಂತೆ ಗಾಡಿ ಸ್ಟಾರ್ಟ್ ಮಾಡಿದೆ.

ಅವರು ಕಣ್ಣು ಮುಚ್ಚಿ, ತಲೆ ವಾಲಿಸಿದರು.