ಸರಾಸರಿಯನ್ನು ನಂಬದ ಟೀಚರ್

ಮೊನ್ನೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ಪಕ್ಕದ ಬಡಗಿ ಅಂಗಡಿಯಿಂದ ಆಗತಾನೇ ಕೊಯ್ದ ಹಸಿ ಮರದ ಘಾಟು ಬಂತು. ಸೊಪ್ಪಿನವಳು ಏನೋ ಕೇಳುತ್ತಲೇ ಇದ್ದಳು... ನಾನು ಮಾತ್ರ ಎರಡನೇ ಮಹಾಯುದ್ಧದ ಕಾಲದ ಹಲಸೂರಿಗೆ ಹೋಗಿಬಿಟ್ಟಿದ್ದೆ.

ಅಲ್ಲಿ ಕೆರೆಯ ಹಿಂದೆ ಒಂದು ತಗಡಿನ ಷೆಡ್ಡಿತ್ತು. ಮಿಲಿಟರಿ ಕಟ್ಟಡಗಳಿಗೆ ಬರುವ ಮರವನ್ನು ಅದರೊಳಗೆ ಬಗ್ಗಿಸಿ, ಮುರಿದು ಪರೀಕ್ಷಿಸುತ್ತಿದ್ದರು. ಲೆಕ್ಕ ಹಾಕಲು ಗಂಡಸರು ಸಿಗದೆ, ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದ ಟೀಚರನ್ನು ಕರೆಸಿಕೊಂಡರು. ಟೀಚರ್ ನನ್ನನ್ನೂ ಕೈಹಿಡಿದು ಕರೆತಂದರು. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ, ಮರ ಹೊರುವವರೊಡನೆ ದಖನಿ ಉರ್ದು. ಮೂರರಲ್ಲೂ ಅವರದು ಒಂದೇ ಜೋರು ದನಿ.

ಆ ಮಳೆಗಾಲ ಆಸ್ಪತ್ರೆಯ ಹೊಸ ವಾರ್ಡಿನ ಚಾವಣಿಗೆಂದು ತೊಲೆಗಳು ಬಂದವು. ಒಂದೇ ಜಾತಿಯ ಮರ, ಒಂದೇ ಅಳತೆ. ಆದರೂ ಕೆಲವನ್ನು ಮುರಿದು ನೋಡಿದಾಗ ಒಂದು ಕಲ್ಲಿನಂತೆ ತಡೆಯಿತು, ಇನ್ನೊಂದು ಅರ್ಧ ಭಾರಕ್ಕೇ ಚಟ್ಟೆಂದಿತು. ಟೀಚರ್ ಆ ಅಂಕಿಗಳನ್ನು ಚಿತ್ರವಾಗಿ ಬರೆದರು: ನಡುವೆ ಎತ್ತರದ ಗುಡ್ಡ, ಎಡಕ್ಕೆ ಸಣ್ಣಗೆ ಇಳಿದ ಬಾಲ. ಆ ಬಾಲವೇ ದುರ್ಬಲ ಮರಗಳು. ಅವರು ಒಪ್ಪಿಗೆಯ ಸಹಿ ಹಾಕಲಿಲ್ಲ.

ವಾರ್ಡು ಕಟ್ಟಿಸುತ್ತಿದ್ದ ಇಂಜಿನಿಯರ್ ಸಾಹೇಬರು ಕೆಟ್ಟವರಲ್ಲ. ಗಾಯಾಳುಗಳು ಟೆಂಟುಗಳಲ್ಲಿ ನೆನೆಯುತ್ತಿದ್ದಾರೆಂಬ ಸಂಕಟ ಅವರದು.

"ಸರಾಸರಿ ಚೆನ್ನಾಗೇ ಇದೆಯಲ್ಲ, ಇನ್ನೇನ್ರೀ ಬೇಕು ನಿಮಗೆ?" ಎಂದರು.

"ಚಾವಣಿ ಸರಾಸರಿ ಮೇಲೆ ಕೂರಲ್ಲ ಸಾರ್, ತೊಲೆ ಮೇಲೆ ಕೂರುತ್ತೆ."

"ನಿಮ್ಮ ತಮ್ಮನೇ ಆ ಟೆಂಟಲ್ಲಿದಾನಂತೆ. ಅವನ ಮುಖ ನೋಡಿಯಾದ್ರೂ..."

ಟೀಚರ್ ಸೆರಗು ಬಿಗಿದುಕೊಂಡರು. "ಇದಾನೆ ಸಾರ್. ನಾಳೆ ಈ ಚಾವಣಿ ಕೆಳಗೆ ಮಲಗೋನೂ ಅವನೇ."

ಅಡ್ಡಿ ಹೇಳಿ ಸುಮ್ಮನೆ ಕೂರುವ ಜಾಯಮಾನ ಟೀಚರದಲ್ಲ. ಪ್ರತಿ ತೊಲೆಯ ನಡುವೆ ಹಗುರವಾದ ಭಾರ ತೂಗುಬಿಟ್ಟು, ಎಷ್ಟು ಬಾಗುತ್ತದೆಂದು ಅಳೆಯೋಣ ಎಂದರು. ಬಿಗಿಯಾಗಿ ನಿಂತದ್ದು ಚಾವಣಿಗೆ, ಹೆಚ್ಚು ಬಾಗಿದ್ದು ಬಾಗಿಲು ಕಿಟಕಿಗೆ. ಹೀಗಾದರೆ ಯಾವ ಮರವನ್ನೂ ಮುರಿಯಬೇಕಿರಲಿಲ್ಲ. ಸಾಹೇಬರು ಕೋಟು ಬಿಚ್ಚಿ ಮೊದಲ ತೊಲೆಗೆ ತಾವೇ ಕೈಹಾಕಿದರು. ಮರ ಹೊರುವವರಿಂದ ಹಿಡಿದು ಲಾರಿ ಡ್ರೈವರನವರೆಗೆ ಎಲ್ಲರೂ ಕೆಲಸಕ್ಕೆ ನಿಂತೆವು.

"ಬಿಗಿಯಾಗಿರೋದೆಲ್ಲ ಗಟ್ಟೀನಾ ಟೀಚರ್?" ಎಂದು ಕೇಳಿದೆ.

"ಬಹುಪಾಲು ಹೌದು ಕಣೇ, ಎಲ್ಲಾ ಅಲ್ಲ. ಒಂದೆರಡು ಖಂಡಿತ ಮೋಸ ಮಾಡ್ತವೆ. ಯಾವುದು ಅಂತ ನಂಗೂ ಗೊತ್ತಿಲ್ಲ." ಅದಕ್ಕೆಂದೇ ತೊಲೆಗಳನ್ನು ಒತ್ತೊತ್ತಾಗಿ ಕೂರಿಸಲು ಬರೆದುಕೊಟ್ಟರು, ಒಂದು ಸೋತರೆ ಅಕ್ಕಪಕ್ಕದವು ಹೊರಲಿ ಎಂದು. ಆಮೇಲೆ ಸಹಿ ಹಾಕಿದರು. ಅಳತೆ ಮುಗಿಯುವವರೆಗೂ ಸಂಜೆಯ ಹೊತ್ತು ತಮ್ಮನ ಟೆಂಟಿಗೆ ಹೋಗಿ, ಒದ್ದೆಯಾದ ಕಂಬಳಿ ಬದಲಿಸಿ ಬರುತ್ತಿದ್ದರು. ಅವನು ಜ್ವರದಲ್ಲಿ ಬೈಯುತ್ತಿದ್ದನಂತೆ. ಅದನ್ನು ನಗುತ್ತಲೇ ಹೇಳುತ್ತಿದ್ದರು, ಕಣ್ಣು ಮಾತ್ರ ಕೆಂಪಗಿರುತ್ತಿತ್ತು...

ವಾರ್ಡು ಎದ್ದಿತು. ತಮ್ಮ ಅಲ್ಲೇ ಮಲಗಿ, ಅಲ್ಲಿಂದಲೇ ಕುಂಟುತ್ತಾ ಮನೆಗೆ ಬಂದ. ಯುದ್ಧ ಮುಗಿದ ಮೇಲೆ ಷೆಡ್ಡು ಮುಚ್ಚಿತು. ಟೀಚರ್ ಶಾಲೆಗೆ ಮರಳಿ, ನಿವೃತ್ತಿಯಾಗಿ, ಒಂದು ಬೇಸಿಗೆಯಲ್ಲಿ ತೀರಿಕೊಂಡರು.

ಅದಾಗಿ ಬಹಳ ವರ್ಷಗಳಿಗೆ ಕಾಂಕ್ರೀಟ್ ಕಟ್ಟಡಕ್ಕಾಗಿ ಆ ವಾರ್ಡನ್ನು ಬಿಚ್ಚಿದರು. ನೋಡಲು ಹೋಗಿದ್ದೆ. ಕೆಳಗಿಳಿಸಿದ ತೊಲೆಗಳಲ್ಲಿ ಎರಡು ಒಳಗೇ ಸೀಳಿದ್ದವು. ಯಾವತ್ತು ಸೀಳಿದವೋ, ಮೇಲಿನ ಹೆಂಚಿಗೂ ಕೆಳಗೆ ಮಲಗಿದವರಿಗೂ ತಿಳಿದಿರಲಿಲ್ಲ. ಟೀಚರಿಗೆ ಹೇಳಬೇಕೆಂದು ಅವರ ಮನೆಯತ್ತ ಓಡುನಡಿಗೆಯಲ್ಲಿ ಹೊರಟವಳು, ಬೀದಿಯ ತಿರುವಿಗೆ ಬಂದಾಗ ಅವರಿಲ್ಲವೆಂದು ನೆನಪಾಗಿ ನಿಂತೆ.

ಇವತ್ತಿಗೂ ಆ ಸುದ್ದಿ ನನ್ನಲ್ಲೇ ಉಳಿದಿದೆ.