ಅಮ್ಮಾಜಮ್ಮನ ಹಸುವಿಗೆ ಎರಡನೇ ಹೊಲಿಗೆ

ನಮ್ಮತ್ತೆ ಅಮ್ಮಾಜಮ್ಮನ ಬಾಯಿಗೆ ಮಂಡಿಕಲ್ ಸುತ್ತಮುತ್ತ ಹೆದರದವರಿರಲಿಲ್ಲ. ಸೊಸೆಯಾದ ನನಗಂತೂ ಅದು ನಿತ್ಯದ ಮಂಗಳಾರತಿ. ತೊಂಬತ್ತೊಂದನೇ ಇಸವಿಯಲ್ಲಿ ಚುಕ್ಕಿಗಾಗಿ ಆಕೆ ಜಗಳಕ್ಕೆ ನಿಂತದ್ದನ್ನು ಕಂಡ ಮೇಲೆ ಆ ಬಾಯಿಯ ಮೇಲೆ ನನಗೂ ಅಭಿಮಾನ ಹುಟ್ಟಿತು.

ಚುಕ್ಕಿ ನಮ್ಮ ಸೀಮೆಹಸು. ಮನೆ ನಡೆಯುತ್ತಿದ್ದದ್ದು ಅದರ ಹಾಲಿನಿಂದಲೇ. ಎರಡನೇ ಸೂಲಿನಲ್ಲಿ ಕರು ಸಿಕ್ಕಿಕೊಂಡಾಗ ಊರ ಗಂಡಸರು ಅದರ ಕಾಲಿಗೆ ಹಗ್ಗ ಬಿಗಿದು ಗುಂಪಾಗಿ ಎಳೆದರು. ಕರು ಸತ್ತೇ ಹೊರಬಂತು. ಚುಕ್ಕಿಯ ಹಿಂಭಾಗ ಹರಿದು, ಸಗಣಿಯ ದಾರಿಯೂ ಕರು ಬರುವ ದಾರಿಯೂ ಒಂದಾಗಿಬಿಟ್ಟವು. ಸಗಣಿ ಒಳಕ್ಕೇ ಬೀಳುತ್ತಿದ್ದರೆ ಮತ್ತೆ ಗಬ್ಬ ನಿಲ್ಲುವುದಿಲ್ಲ. ಗಬ್ಬವಿಲ್ಲದ ಮೇಲೆ ಹಾಲೆಲ್ಲಿಂದ ಬರಬೇಕು?

ಚಿಂತಾಮಣಿ ಸಂತೆಯ ದಲ್ಲಾಳಿ ಚೆನ್ನರಾಯಪ್ಪ ಮೂಗು ಮುಚ್ಚಿಕೊಂಡೇ ಕೊಟ್ಟಿಗೆಗೆ ಬಂದ. "ಇದಿನ್ನು ಕಟುಕನಿಗೇ ಸರಿ ಕಣಮ್ಮ. ಈಗ್ಲೇ ಹೊಡ್ಕೊಂಡು ಹೋಗ್ತೀನಿ."

"ಆ ಮೂಗು ಹಂಗೇ ಮುಚ್ಕೊಂಡು ಬಂದ ದಾರಿ ಹಿಡಿಯಪ್ಪ!" ಎಂದಳು ಅತ್ತೆ.

ದನದ ಡಾಕ್ಟರು ಖಲೀಮುಲ್ಲಾ ಶಿಡ್ಲಘಟ್ಟದ ರೇಷ್ಮೆ ಮನೆತನದವರು. "ಊತ ಇಳೀಲಿ, ಗಾಯ ಮಾಗಲಿ ಅಮ್ಮಾ. ಆಮೇಲೆ ಎರಡು ದಾರಿಗೂ ಮಧ್ಯೆ ಗೋಡೆ ಎಬ್ಬಿಸಿದಂಗೆ ಹೊಲೀತೀನಿ. ಸಗಣಿ ಮಾತ್ರ ತೆಳ್ಳಗಿರ್ಬೇಕು" ಎಂದರು. ಹಾಗೇ ವಾರಗಟ್ಟಲೆ ಕಾದು, ಬಾಲದ ಬುಡಕ್ಕೆ ಇಂಜೆಕ್ಷನ್ ಕೊಟ್ಟು, ಹಸುವನ್ನು ನಿಲ್ಲಿಸಿಕೊಂಡೇ ಹೊಲಿದರು.

ಅತ್ತೆ ಏನು ಮಾಡಿದಳು ಗೊತ್ತೇ? ಹೆರಿಗೆಯ ಗಾಯ ಅಂದಮೇಲೆ ಬಾಣಂತಿ ತಾನೇ ಅಂತ ಚುಕ್ಕಿಗೆ ಬಾಣಂತಿ ಪಥ್ಯ ಹಿಡಿಸಿದಳು! ಹಸಿರು ಬಂದ್. ಒಣ ರಾಗಿ ಹುಲ್ಲು. ನೀರು ಒಂದೆರಡು ಚೆಂಬು, ಅದೂ ಬಿಸಿ. ಸಗಣಿ ಕಲ್ಲಾಯಿತು, ಹಸು ಮುಕ್ಕಿರಿಯಿತು, ಹೊಲಿಗೆ ಪೂರ್ತಿ ಕಿತ್ತುಹೋಯಿತು. ಅತ್ತೆ ಗೋಡೆಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆಕೆಯ ಕಣ್ಣಲ್ಲಿ ನೀರು ಕಂಡು ನಾನೇ ಡಾಕ್ಟರಿಗೆ ಹೇಳಿ ಕಳಿಸಿದೆ.

"ಅಯ್ಯೋ ಅಮ್ಮಾ, ಇದು ಹಸು, ನಿಮ್ಮ ಮಗಳಲ್ಲ!" ಡಾಕ್ಟರು ರೇಗಿದರು. ಅತ್ತೆಯ ಮುಖ ನೋಡಿ ತಣ್ಣಗಾದರು. "ಹೋಗ್ಲಿ ಬಿಡಿ. ಮಾಗಿದ ಮೇಲೆ ಇನ್ನೊಂದ್ಸಲ ಹೊಲಿಯೋಣ."

ಎರಡನೇ ಹೊಲಿಗೆಯ ನಂತರ ಅತ್ತೆ ರೇಷ್ಮೆ ಹುಳುಮನೆಯಲ್ಲಿ ಉಳಿದ ಹಿಪ್ಪುನೇರಳೆ ಸೊಪ್ಪನ್ನು ತಂದು ಹಾಕಿದಳು. ಕುಡಿಯುವಷ್ಟು ನೀರಿಟ್ಟಳು. ಬೆಳಗೆದ್ದು ತೆಳ್ಳನೆಯ ಸಗಣಿ ಕಂಡರೆ ಹಬ್ಬದ ಹೋಳಿಗೆ ಕಂಡಷ್ಟು ಖುಷಿ! ಗಾಯ ಕೂಡಿಕೊಂಡಿತು. ಮರುವರ್ಷ ಚುಕ್ಕಿ ಗಬ್ಬವೂ ಆಯಿತು.

ದಿನ ತುಂಬಿ ನೋವು ಶುರುವಾದಾಗ ಅದೇ ಗಂಡಸರು ಅದೇ ಹಗ್ಗ ಹಿಡಿದು ಬಂದರು. ಅತ್ತೆ ಹಗ್ಗ ಕಿತ್ತುಕೊಂಡು ಅದರ ಮೇಲೇ ಕುಳಿತಳು. "ಡಾಕ್ಟ್ರು ಬರೋಗಂಟ ಯಾವನಾದ್ರೂ ಮುಟ್ಟಿದ್ರೆ ಕೈ ಮುರೀತೀನಿ!"

ಡಾಕ್ಟರು ಬಂದು ನಿಧಾನವಾಗಿ ಕರು ಬಿಡಿಸಿದರು. ಹೆಣ್ಣುಗರು! ಹೊಲಿದ ಜಾಗ ಒಂದಿಷ್ಟೂ ಹರಿದಿರಲಿಲ್ಲ. ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು.

ಆ ವಾರ ಚೆನ್ನರಾಯಪ್ಪ ನಮ್ಮ ಬಾಗಿಲ ಮುಂದೆ ಹಾದುಹೋಗುತ್ತಿದ್ದ. ಅತ್ತೆ ಕರೆದು ಕೂರಿಸಿ, ತಟ್ಟೆ ತುಂಬ ಚುಕ್ಕಿಯ ಗಿಣ್ಣು ಇಟ್ಟಳು.

"ತಿನ್ನಪ್ಪ," ಎಂದಳು, "ಮೂಗು ಮುಚ್ಕೊಂಡು ತಿನ್ನು."

ಆತ ತಲೆ ತಗ್ಗಿಸಿ ತಿಂದ. ತಿಂದು ಮುಗಿಸಿ, ಮೆಲ್ಲಗೆ ಇನ್ನೊಂದು ತುಂಡು ಕೇಳಿದ.