ನಾಲ್ಕು ಪಾಲಾದ ಕುದುರೆಯ ಔಷಧ

ಅಕ್ಕನಿಗೆ ಸಣ್ಣವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದಳು. ಆದರೆ ನಮ್ಮದು ಗಡಿಯಾಚೆ ಜತ್ತ ಸೀಮೆಯ ಕುಣಿಕೋಣೂರಿನ ಕುರಿ ಸಾಕುವ ಮನೆತನ. ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೊರಟರೆ ತಿರುಗಿ ಬರುವುದು ಮಳೆಗಾಲಕ್ಕೇ. ಗಂಡಸರು ಕುರಿಗಳ ಹಿಂದೆ, ಹೆಣ್ಣುಮಕ್ಕಳು ಕುದುರೆಗಳ ಜೊತೆ. ನಮ್ಮ ಹೆಣ್ಣು ಕುದುರೆಗೆ ಹಗುರವಾದ ಸಾಮಾನು ಹೇರಿ, ಮೇಲೊಂದು ಕಂಬಳಿ ಹಾಸಿ ಅಕ್ಕನನ್ನು ಕೂಡಿಸುತ್ತಿದ್ದೆವು. ಮಡಿಲಲ್ಲಿ ಅದೇ ತಾನೆ ಹುಟ್ಟಿದ ಮರಿ ಇಟ್ಟುಕೊಂಡು, ಮೇಲಿನಿಂದಲೇ ಎಲ್ಲರಿಗೂ ಹುಕುಂ ಮಾಡುತ್ತ ಬರುತ್ತಿದ್ದಳು. ಆ ಕುದುರೆ ಇಲ್ಲದಿದ್ದರೆ ಅಕ್ಕ ಊರು ಬಿಡುವಂತಿರಲಿಲ್ಲ.

ನಾನು ಮರಾಠಿ ಸಾಲಿಗೆ ಮೂರನೇ ಇಯತ್ತೆಯವರೆಗೆ ಹೋದವಳು. ಕೂಡಿ ಕುರಿ ಹೊಡೆಯುವ ನಾಲ್ಕು ಮನೆಗಳ ನಮ್ಮ ಹಟ್ಟಿಯ ಹೆಂಗಸರಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಹೀಗಾಗಿ ಮಳೆಗಾಲದಲ್ಲಿ ಜತ್ತಿನ ದನದ ದವಾಖಾನೆಗೆ ಕುದುರೆ ಹೊಡೆದುಕೊಂಡು ಹೋಗಿ ಹೊಟ್ಟೆಹುಳದ ಔಷಧ ತರುವುದು ನನ್ನ ಪಾಲಿಗೆ ಬಂತು. ಹಸಿರು ಛಾಯೆಯ ಪುಡಿ. ಬೆಲ್ಲ, ಹಿಟ್ಟಿನಲ್ಲಿ ಕಲಸಿ ಒಂದೇ ಸಲಕ್ಕೆ ಪೂರ್ತಿ ತಿನ್ನಿಸಬೇಕು, ಆಮೇಲೆ ಉಚ್ಚೆ ಕೆಂಪಾದರೆ ಹೆದರಬಾರದು ಎಂದು ಡಾಕ್ಟರು ತಿಳಿಸಿ ಹೇಳಿದ್ದರು.

ನಮ್ಮ ಹಟ್ಟಿಯಲ್ಲಿ ಹೊರಗಿನಿಂದ ಏನು ಬಂದರೂ ಅದು ಪಾಲಾಗಬೇಕು. ಬೆಲ್ಲದ ಹೆಂಟೆ ಇರಲಿ, ಗಿಣ್ಣದ ಹಾಲಿರಲಿ, ಮನೆಗೊಂದು ಪಾಲು. ನಾನು ಪುಡಿ ತಂದದ್ದು ಗೊತ್ತಾಗಿ ಪಕ್ಕದ ಮನೆಯ ಚಿಗವ್ವ ಬಟ್ಟಲು ಹಿಡಿದುಕೊಂಡು ಬಂದಳು.

"ಏನವ್ವಾ ಸಾಲಿ ಕಲ್ತಾಕಿ, ನಿಮ್ಮ ಕುದುರಿಗಷ್ಟ ಹೊಟ್ಟಿ ಐತೇನ? ನಮ್ಮವೇನು ಕಲ್ಲಿನ ಕುದುರಿ ಏನ?"

"ಇದು ಒಂದಕ್ಕಷ್ಟ ಐತಿ ಚಿಗವ್ವಾ. ನೀವೂ ಹೊಡ್ಕೊಂಡು ಹೋಗ್ರಿ, ಡಾಕ್ಟರು ಕೊಡ್ತಾರ."

"ಅಯ್ಯ, ಜತ್ತಿಗೆ ಯಾವಾಕಿ ಹೋಗ್ತಾಳ? ಒಂದು ಚಿಟಿಕಿ ಕೊಟ್ರ ನಿಮ್ಮಕ್ಕ ಕುದುರಿ ಮ್ಯಾಲಿಂದ ಬೀಳ್ತಾಳೇನ?"

ಅವಳ ಹಿಂದೆ ಬಟ್ಟಲು ಹಿಡಿದು ನಿಂತ ಉಳಿದೆರಡು ಮನೆಯ ಹೆಂಗಸರೂ ನಕ್ಕರು. ನಾನೂ ನಕ್ಕೆ. ಹಟ್ಟಿಯ ನಾಲ್ಕು ಕುದುರೆಗೂ ಸಮ ಪಾಲು ಹಾಕಿದೆ. ಜಿಪುಣಿ ಅನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ನಿಜ ಹೇಳಬೇಕೆಂದರೆ, ದೊಡ್ಡವರು ಬಟ್ಟಲು ಹಿಡಿದು ನನ್ನೆದುರು ನಿಂತದ್ದು ಚಲೋ ಅನ್ನಿಸಿತ್ತು. ಯಾವ ಕುದುರೆಯ ಉಚ್ಚೆಯೂ ಕೆಂಪಾಗಲಿಲ್ಲ. ಅಕ್ಕ ಕೇಳಿದಾಗ "ಪೂರಾ ಹಾಕೀನಿ" ಅಂದೆ. ಮುಂದಿನ ವರ್ಷ ಹಾಗೇ ಮಾಡಿದೆ, ಅದರ ಮುಂದಿನ ವರ್ಷವೂ.

ಬಾಂಗ್ಲಾ ಯುದ್ಧಕ್ಕೆ ಒಂದೆರಡು ವರ್ಷ ಮೊದಲು, ಒಂದು ಮಳೆಗಾಲದಲ್ಲಿ ಕುದುರೆ ಸೊರಗತೊಡಗಿತು. ಎಷ್ಟು ತಿನ್ನಿಸಿದರೂ ಪಕ್ಕೆ ಎಣಿಸುವಂತಾಯಿತು, ಹೊಟ್ಟೆ ಮಾತ್ರ ಜೋತುಬಿತ್ತು. ಅಕ್ಕ ಹಟ ಹಿಡಿದು ಚಕ್ಕಡಿಯಲ್ಲಿ ಕುಳಿತು ದವಾಖಾನೆಗೆ ಬಂದಳು. ಡಾಕ್ಟರು ಅದೇ ಪುಡಿಯನ್ನು ತಾವೇ ಮುಂದೆ ನಿಂತು ಪೂರ್ತಿ ತಿನ್ನಿಸಿದರು. ಉಚ್ಚೆ ಕೆಂಪಾಯಿತು. ನನಗೆ ಸಮಾಧಾನವಾಯಿತು. ಆದರೆ ಕೆಲವು ದಿನ ಬಿಟ್ಟು ಇಬ್ಬರೂ ಮತ್ತೆ ಲದ್ದಿ ಒಯ್ದು ತೋರಿಸಿದಾಗ ಅವರು ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನಲ್ಲಿ ನೋಡಿ ತಲೆ ಎತ್ತಿದರು. ಹುಳದ ಮೊಟ್ಟೆ ಮೊದಲಿನಷ್ಟೇ ಇದ್ದವು.

"ಹಿಂದಿನ ವರ್ಷ ಔಷಧ ಪೂರ್ತಿ ಕೊಟ್ಟಿದ್ಯೇನು ತಂಗಿ? ಉಚ್ಚಿ ಹಿಂಗ ಕೆಂಪಾಗಿತ್ತೇನು?"

ಅಕ್ಕ ನನ್ನ ಭುಜ ಹಿಡಿದು ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ನಮ್ಮಾಕಿ ಚುಕ್ಕಿ ಸೈತ ಬಿಡೂದಿಲ್ರೀ ಸಾಹೇಬ್ರ" ಅಂದಳು.

"ಆಗಿತ್ರೀ" ಅಂದೆ.

ಹಾಗಿದ್ದರೆ ಪುಡಿಯೇ ಹಳೆಯದಾಗಿರಬೇಕು, ಸಾಂಗಲಿಯಿಂದ ಹೊಸ ಮಾಲು ಬರಲಿ ಎಂದರು ಡಾಕ್ಟರು. ಅದು ಬರುವುದರೊಳಗೆ ಕುದುರೆ ಇನ್ನೂ ಇಳಿಯಿತು. ಹೊಸ ಪುಡಿ ಹಾಕಿದರೂ ಅಷ್ಟೇ. ಆ ಸಲ ನಾನೊಬ್ಬಳೇ ದವಾಖಾನೆಗೆ ಹೋಗಿದ್ದೆ; ಡಾಕ್ಟರು ನನ್ನನ್ನೇ ನೋಡುತ್ತ ಹೇಳಿದರು: "ಅರ್ಧಮರ್ಧ ಔಷಧ ತಿಂದ ಹುಳ ಸಾಯೂದಿಲ್ಲ. ಬದುಕಿದವು ಮರಿ ಹಾಕ್ತಾವ. ಆ ಮರಿಗೆ ಮುಂದ ಪೂರ್ತಿ ಔಷಧಾನೂ ತಾಕೂದಿಲ್ಲ. ಹಂಗೇನರ ಆಗಿದ್ರ ಮೊದಲ ದಿನಾನ ಹೇಳಬೇಕಿತ್ತು, ಬ್ಯಾರೆ ಔಷಧ ತರಸ್ತಿದ್ದೆ."

ಹೇಗಾದರೂ ಆ ಬೇರೆ ಔಷಧ ತರಿಸಿರಿ ಎಂದು ಕೈ ಮುಗಿದೆ. ಅವರು ಮತ್ತೆ ಕೇಳಲಿಲ್ಲ. ಮಿರಜದಿಂದ ಬೇರೆ ಔಷಧ ತರಿಸಿದರು. ಅದು ಬಂದಾಗ ಕುದುರೆ ಮಲಗಿದಲ್ಲಿಂದ ಏಳುತ್ತಿರಲಿಲ್ಲ. ಅಕ್ಕ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಾನು ಔಷಧ ಹಾಕುವಾಗ ಬಾಯಿ ತೆರೆಸಿ ಹಿಡಿದಳು. ಅದರ ಕರುಳು ಆಗಲೇ ಕೆಟ್ಟುಹೋಗಿತ್ತು. ನವರಾತ್ರಿಗೆ ಮೊದಲೇ ಸತ್ತಿತು.

ದೀಪಾವಳಿ ಮುಗಿದು ಹಟ್ಟಿ ಹೊರಟ ದಿನ ಚಿಗವ್ವ ತನ್ನ ಕುದುರೆ ತಂದು ಅಕ್ಕನೆದುರು ನಿಲ್ಲಿಸಿದಳು. ಅದರ ಪಕ್ಕೆಯೂ ಎದ್ದು ಕಾಣುತ್ತಿತ್ತು. ಸಾಮಾನು ಹೊರುವುದೇ ಅದಕ್ಕೆ ಹೆಚ್ಚಾಗಿತ್ತು.

"ಹತ್ತವ್ವಾ. ನಡಿಯೂದಾದ್ರ ನಾವು ನಡೀತೀವಿ, ಸಾಮಾನು ತಲಿ ಮ್ಯಾಲ ಹೊರ್ತೀವಿ."

ಅಕ್ಕ ಅದರ ಬೆನ್ನ ಮೇಲೆ ಕೈಯಾಡಿಸಿದಳು. "ಬ್ಯಾಡ ಚಿಗವ್ವಾ. ಇದನ್ನೂ ಕೊಲ್ಲಿಸಬ್ಯಾಡ ನನ್ನ ಕೈಲೆ."

ಆಮೇಲೆ ನನ್ನ ಕಡೆ ತಿರುಗಿದಳು. "ಉಳಿದ ಮೂರೂ ಕುದುರಿ ನೀನ ನೋಡ್ಕೋಬೇಕು ನೋಡ. ನಮ್ಮದಕ್ಕ ನೀ ಎಷ್ಟು ಮಾಡಿದಿ ನಾ ಕಂಡೀನಿ. ನಮ್ಮ ನಸೀಬದಾಗ ಇರಲಿಲ್ಲ ಬಿಡು. ಅಳಬ್ಯಾಡ."

ಅಲ್ಲಿಯೇ ಹೇಳಿಬಿಡಬಹುದಿತ್ತು. ಚಿಗವ್ವನೂ ಅಲ್ಲಿಯೇ ಇದ್ದಳು. ಪಾಲು ಒಯ್ದವಳು ಅವಳು, ಆದರೆ ಅದು ಒಂದಕ್ಕಷ್ಟೇ ಸಾಲುವಂಥದು ಎಂದು ಸರಿಯಾಗಿ ಗೊತ್ತಿದ್ದದ್ದು ನನಗೆ. "ಹೂಂ" ಅಂದು ಕುದುರೆಯ ಹಗ್ಗ ಹಿಡಿದೆ. ಇನ್ನೊಂದು ಕುದುರೆ ಕೊಳ್ಳುವಷ್ಟು ದುಡ್ಡು ನಮಗೆ ಕೂಡಲೇ ಇಲ್ಲ; ಅಕ್ಕ ಬದುಕಿದಷ್ಟು ವರ್ಷವೂ ಮನೆಯಲ್ಲೇ ಉಳಿದಳು. ಪ್ರತಿ ದೀಪಾವಳಿಗೆ ನನಗೆ ಬುತ್ತಿ ಕಟ್ಟಿಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತು, ಕುದುರೆಗಳಿಗೆ ಮಿರಜದ ಔಷಧ ಆಯಿತೇ ಎಂದು ಕೇಳಿಯೇ ಕಳಿಸುತ್ತಿದ್ದಳು. ಪೂರ್ತಿ ಹಾಕಿದ್ದೇನೆ ಎನ್ನುತ್ತಿದ್ದೆ. ಆಗ ಅದು ಖರೇನೇ ಇರುತ್ತಿತ್ತು.